ಅಪ್‌ಡೇಟ್: ಕೆಆರ್‌ಎಸ್ ಹಿನ್ನೀರಿನ ಮೀನು ಕ್ಯಾಂಪ್‌ನಲ್ಲಿ ಪಂಪು ನೀರೆತ್ತಿತು

ಎಲ್ರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ಹಿನ್ನೀರಿನ ದಡದ ನಮ್ಮ ಮೀನು ಕ್ಯಾಂಪ್ ಬಾಗಿಲು ತೆಗೆದಾಗ ಪಂಪು ಓಡ್ತದೆ, ನೀರು ಬರ್ತಿಲ್ಲ, ತೆಪ್ಪಾನೂ ಸೋರ್ತಿದೆ ಅಂತ ಕೇಳಿದ್ದೆ. ಎರಡೂ ಸರಿಹೋಯ್ತು.

ಫುಟ್‌ವಾಲ್ವ್ (ನೀರೊಳಗಿನ ಪೈಪಿನ ತುದಿಯಲ್ಲಿ, ನೀರು ವಾಪಸ್ ಇಳಿಯದಂಗೆ ತಡೆಯೋ ವಾಲ್ವ್) ಬಿಚ್ಚಿ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಪೈಪು ದಡಕ್ಕೆಳೆದು ಜಾಲರಿ ತೆಗೆದ್ರೆ, ರಬ್ಬರ್ ಮುಚ್ಚಳದ ಅಂಚಲ್ಲಿ ಉಗುರಿನಷ್ಟು ಚಿಕ್ಕ ಬಸವನಹುಳದ ಚಿಪ್ಪು, ಸುತ್ತ ಗಟ್ಟಿಯಾದ ಹೂಳು. ಮುಚ್ಚಳ ಪೂರ್ತಿ ಕೂರ್ತಾನೇ ಇರಲಿಲ್ಲ. ಹಾಗಾಗಿ ಪಂಪಿಗೆ ಮೇಲಿಂದ ಬಿಂದಿಗೆ ಬಿಂದಿಗೆ ನೀರು ಹುಯ್ಯಿರಿ ಅನ್ನೋ ಸಲಹೆ ಫಲಿಸಲಿಲ್ಲ. ಹುಯ್ದಿದ್ದೆಲ್ಲ ಕೆಳಗೆ ಇಳಿದುಹೋಗ್ತಿತ್ತು. ಮೋಟಾರಿನ ಕಾಯಿಲ್ ಸುಟ್ಟಿರಬೇಕು ಅಂತ ಕೆಲವರು ಅಂದಿದ್ರು, ಮೈಸೂರಿನ ಮೆಕ್ಯಾನಿಕ್ ನೋಡಿ ಕಾಯಿಲ್ ಚೆನ್ನಾಗಿದೆ ಅಂದ್ರು.

ಅವರು ಹೇಳಿದ ಇನ್ನೊಂದು ವಿಷಯ ನನಗೆ ಹೊಸದು. ದಡದ ಮೇಲಿಡೋ ಪಂಪು ನೀರೆಳೆಯೋದು ಗಾಳಿಯ ಒತ್ತಡದಿಂದ. ಎಷ್ಟೇ ಎಚ್‌ಪಿ ಇದ್ರೂ ನೀರನ್ನ ಮೇಲಕ್ಕೆಳೆಯೋದು ಲೆಕ್ಕದಲ್ಲಿ ಸುಮಾರು 10 ಮೀಟರ್, ವಾಸ್ತವದಲ್ಲಿ 7 ಮೀಟರ್ ಆಸುಪಾಸು. ಅಣೆಕಟ್ಟೆ 124.80 ಅಡಿ ತುಂಬಿದಾಗ ನೀರು ನಮ್ಮ ಶೆಡ್ ಹತ್ರಾನೇ ಇರುತ್ತೆ, ಬೇಸಿಗೆಗೆ ಎಲ್ಲೋ ಇಳಿದಿರುತ್ತೆ. ಅದಕ್ಕೇ ಪಂಪನ್ನ ಹಲಗೆಗೆ ಬೋಲ್ಟ್ ಮಾಡಿಸಿದ್ದೀವಿ, ನೀರು ಇಳಿದಂಗೆ ಕೆಳಗೆ ಸರಿಸಬಹುದು. ಹಿನ್ನೀರಿನ ದಡದಲ್ಲಿ ಪಂಪಿಟ್ಟವರು ಇದನ್ನ ಖಂಡಿತ ಮಾಡಿ.

ತೆಪ್ಪಕ್ಕೆ ಎಂ-ಸೀಲ್ ನಿಲ್ಲಲಿಲ್ಲ, ಬಿದಿರು ಬಾಗಿದ ತಕ್ಷಣ ಬಿರುಕು ಬಿಡ್ತು. ಬಟ್ಟೆ ಹಾಸಿ ಬಿಸಿ ಡಾಂಬರು ಬಳಿದಿದ್ದು ಗಟ್ಟಿಯಾಗಿ ಕೂತಿದೆ.