ನ್ಯಾಯಾಲಯ ಕೇಳಿದ ಮನೋವೈದ್ಯಕೀಯ ವರದಿಯಲ್ಲಿ ಏನೇನು ಬರೆಯಬೇಕು?

ಪ್ರಶ್ನೆ (ಮನೋವೈದ್ಯೆ, ಕೊಪ್ಪಳ):
ಹಲ್ಲೆ ಪ್ರಕರಣವೊಂದರ ಆರೋಪಿಯನ್ನು ಜೈಲಿನಿಂದ ನಮ್ಮ ವಾರ್ಡಿಗೆ ಕಳುಹಿಸಿದ್ದಾರೆ. "ಸದರಿ ಆರೋಪಿಯು ಮಾನಸಿಕ ಅಸ್ವಸ್ಥನೇ ಎಂಬುದನ್ನು ಪರೀಕ್ಷಿಸಿ ವರದಿ ಸಲ್ಲಿಸತಕ್ಕದ್ದು" ಎಂಬ ಒಂದೇ ಸಾಲು ನ್ಯಾಯಾಲಯದ ಪತ್ರದಲ್ಲಿದೆ. ಘಟನೆ ನಡೆದು ತಿಂಗಳುಗಳೇ ಕಳೆದಿದ್ದು, ಔಷಧಿಯಿಂದ ಆತ ಬಹುಮಟ್ಟಿಗೆ ಸುಧಾರಿಸಿದ್ದಾನೆ. ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳ ತೀವ್ರ ಮನೋರೋಗ) ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಷ್ಟನ್ನೇ ಬರೆದರೆ ಸಾಕೇ? ಕೃತ್ಯದ ಬಗ್ಗೆ ಆತ ನನ್ನೆದುರು ಹೇಳಿಕೊಂಡದ್ದನ್ನೂ ಸೇರಿಸಬೇಕೇ?

ಉತ್ತರ (ಹಿರಿಯ ಮನೋವೈದ್ಯ, ಬಳ್ಳಾರಿ):
ಸಾಲದು ಮೇಡಂ. ಆ ಒಂದು ಸಾಲಿನೊಳಗೆ ಎರಡು ಪ್ರಶ್ನೆಗಳಿವೆ. ಆತ ಈಗ ತನ್ನ ಮೇಲಿನ ಆರೋಪವನ್ನು ಅರಿತು, ವಕೀಲರಿಗೆ ವಿಷಯ ತಿಳಿಸಿ, ವಿಚಾರಣೆ ಎದುರಿಸಬಲ್ಲನೇ ಎಂಬುದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಅಪರಾಧ ವಿಚಾರಣೆಯ ಕ್ರಮ ಹೇಳುವ ಕಾನೂನು) ಕಲಂ 367 ಮತ್ತು 368ಕ್ಕೆ ಸೇರಿದ್ದು. ಕೃತ್ಯದ ಹೊತ್ತಿನಲ್ಲಿ ತಾನು ಮಾಡುತ್ತಿರುವುದೇನು, ಅದು ತಪ್ಪೇ, ಕಾನೂನಿಗೆ ವಿರುದ್ಧವೇ ಎಂದು ತಿಳಿಯಲಾರದಷ್ಟು ಚಿತ್ತ ಕೆಟ್ಟಿತ್ತೇ ಎಂಬುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಅಂದರೆ ಅಪರಾಧ ಮತ್ತು ಶಿಕ್ಷೆಗಳ ಕಾನೂನು) ಕಲಂ 22ಕ್ಕೆ ಸೇರಿದ್ದು. ಯಾವುದರ ಬಗ್ಗೆ ಅಭಿಪ್ರಾಯ ಬೇಕೆಂದು ನ್ಯಾಯಾಲಯಕ್ಕೆ ಪತ್ರ ಬರೆದು ಕೇಳಿ. ಹೀಗೆ ಕೇಳುವುದಕ್ಕೆ ನಮ್ಮವರು ಯಾಕೆ ಅಂಜುತ್ತಾರೋ ತಿಳಿಯದು.

ಪ್ರತಿ ಸಂಗತಿಯನ್ನೂ ಆರೋಪಿ ಹೇಳಿದ್ದೋ, ತಾಯಿ ಹೇಳಿದ್ದೋ, ಹಳೆಯ ಕೇಸ್ ಶೀಟಿನಲ್ಲಿದ್ದದ್ದೋ, ವಾರ್ಡಿನಲ್ಲಿ ಕಂಡದ್ದೋ ಎಂದು ನಮೂದಿಸಿ. "ವರ್ತನೆ ಅಸಹಜ" ಎಂಬ ತೀರ್ಪಿಗಿಂತ, "ಊಟದ ತಟ್ಟೆ ಮುಟ್ಟದೆ, ಅನ್ನದಲ್ಲಿ ವಿಷ ಬೆರೆಸಿದ್ದಾರೆಂದು ಗೋಡೆಯ ಕಡೆ ತಿರುಗಿ ಹೇಳುತ್ತಿದ್ದ" ಎಂದು ದಿನಾಂಕ ಸಹಿತ ಬರೆದರೆ ನ್ಯಾಯಾಧೀಶರಿಗೆ ಉಪಯೋಗವಾಗುತ್ತದೆ.

ಉತ್ತರ (ವಕೀಲ, ರಾಯಚೂರು):
ಪಾಟೀಸವಾಲಿನಲ್ಲಿ ನಾವು ಮೊದಲು ಹಿಡಿಯುವುದೇ ಮೂಲವಿಲ್ಲದ ವಾಕ್ಯವನ್ನು. ರೋಗವಿದ್ದ ಮಾತ್ರಕ್ಕೆ ಅಪರಾಧದ ಹೊಣೆಯಿಂದ ವಿನಾಯಿತಿ ಸಿಗುವುದಿಲ್ಲ. ಮುಖ್ಯವಾದುದು ಕೃತ್ಯದ ಸಮಯದ ಮನಃಸ್ಥಿತಿ, ಅದನ್ನು ಹಿಂದಿನ, ಆ ವೇಳೆಯ ಮತ್ತು ನಂತರದ ಸಂದರ್ಭಗಳಿಂದ ಗ್ರಹಿಸಬೇಕು ಎಂದು ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಆದ್ದರಿಂದ ಹಳೆಯ ಚಿಕಿತ್ಸೆಯ ಚೀಟಿಗಳನ್ನೂ ಬಂಧನದ ವೇಳೆಯ ತಪಾಸಣೆಯ ದಾಖಲೆಯನ್ನೂ ತರಿಸಿಕೊಳ್ಳಿ. ಘಟನೆ 2024ರ ಜುಲೈ 1ಕ್ಕಿಂತ ಮುಂಚಿನದಾಗಿದ್ದರೆ ಕಲಂ 22ರ ಬದಲು ಅನ್ವಯವಾಗುವುದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 84.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಬಳ್ಳಾರಿ):
ಆತ ಹೇಳಿಕೊಂಡದ್ದನ್ನು ಸೇರಿಸಬೇಕೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ: ಹೇಳಿದ್ದೆಲ್ಲ ಗುಟ್ಟಾಗಿ ಉಳಿಯದು, ವರದಿ ನ್ಯಾಯಾಲಯಕ್ಕೆ ಹೋಗುತ್ತದೆ ಎಂದು ಆತನಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ, ತಿಳಿಸಿದ್ದನ್ನು ವರದಿಯ ಮೊದಲಲ್ಲೇ ನಮೂದಿಸಬೇಕು. ಆತನಿಗೆ ಯಾವ ದನಿ ಕೇಳಿಸುತ್ತಿತ್ತು ಎಂಬುದು ಬೇಕು. ಹಲ್ಲೆಗೆ ಬಳಸಿದ ಕೊಡಲಿಯನ್ನು ಎಲ್ಲಿ ಬಚ್ಚಿಟ್ಟ ಎಂಬುದು ತನಿಖಾಧಿಕಾರಿಯ ಕೆಲಸ.

ಉತ್ತರ (ವಕೀಲ, ರಾಯಚೂರು):
ಇದನ್ನು ಪೂರ್ತಿ ಒಪ್ಪಲಾರೆ. ಬಚ್ಚಿಟ್ಟಿದ್ದರೆ ತಪ್ಪೆಂಬ ಅರಿವಿತ್ತೆಂದು ಸರ್ಕಾರಿ ಅಭಿಯೋಜಕರು ವಾದಿಸಿಯೇ ತೀರುತ್ತಾರೆ. ಅದನ್ನು ಆರೋಪಿಯ ಬಾಯಿಂದ ಹೇಳಿಸದೆ, ದೋಷಾರೋಪ ಪಟ್ಟಿಯಲ್ಲಿ ಇರುವಂತೆ ಉಲ್ಲೇಖಿಸಿ, ರೋಗಲಕ್ಷಣಗಳೊಡನೆ ಅದು ಹೊಂದುತ್ತದೆಯೇ ಇಲ್ಲವೇ ಎಂಬುದನ್ನಷ್ಟೇ ಬರೆಯಿರಿ.