ಗಡಿಕೇಶ್ವಾರ ಕಡೆಯ ಕಲ್ಲು-ಮಣ್ಣಿನ ಮನೆಯನ್ನು ಕೆಡವಬೇಕೇ, ಬಲಪಡಿಸಬೇಕೇ? ಅನುಭವವಿರುವವರು ತಿಳಿಸಿ

ಕೇಳಿದವರು (ಊರು ಚಿಂಚೋಳಿ ತಾಲ್ಲೂಕು, ಉದ್ಯೋಗ ಬೆಂಗಳೂರು)
ನಮ್ಮ ಊರು ಗಡಿಕೇಶ್ವಾರಕ್ಕೆ ಹತ್ತಿರದಲ್ಲಿದೆ. 2021ರ ಅಕ್ಟೋಬರ್ 11ರ ರಾತ್ರಿ 4.1 ತೀವ್ರತೆಯ ಕಂಪನವಾದಾಗ ನಮ್ಮ ಪಡಸಾಲೆಯ ಮೂಲೆಯಲ್ಲಿ ಗೋಡೆ ಬಿರುಕು ಬಿಟ್ಟಿತು. ಅಂದಿನಿಂದ ನೆಲದೊಳಗೆ ಸದ್ದು ಕೇಳಿಸಿದಾಗಲೆಲ್ಲ ನಮ್ಮ ತಾಯಿ ಹಾಸಿಗೆ ಎತ್ತಿಕೊಂಡು ಅಂಗಳದ ಪತ್ರಾಸ್ (ತಗಡಿನ) ಶೆಡ್ಡಿಗೆ ಹೋಗುತ್ತಾರೆ. ಮನೆ ಅಜ್ಜನ ಕಾಲದ್ದು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ (ಚಾವಣಿ). ಕೈಯಲ್ಲಿ ನಾಲ್ಕು ಲಕ್ಷ ರೂಪಾಯಿ ಇದೆ. ಮಳೆಗಾಲಕ್ಕೆ ಮುಂಚೆ ಏನಾದರೊಂದು ಮಾಡಬೇಕಾಗಿದೆ. ಇಷ್ಟರಲ್ಲಿ ಮೊದಲು ಯಾವ ಕೆಲಸ ಮಾಡಿಸಲಿ?

ಆಳಂದ ಕಡೆಯವರು
1993ರ ಸೆಪ್ಟೆಂಬರ್ 30ರಂದು ನನಗೆ ಹನ್ನೆರಡು ವರ್ಷ. ಗಣಪತಿ ಕಳುಹಿಸಿ ದಣಿದು ಮಲಗಿದ್ದ ಜನ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಮುತ್ತ ತಮ್ಮ ಮನೆಗಳ ಕಲ್ಲಿನ ಅಡಿಯಲ್ಲೇ ಹೋದರು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಸುಮಾರು 10,000 ಮಂದಿ. ಅವರಲ್ಲಿ ನನ್ನ ಸೋದರತ್ತೆ ಮತ್ತು ಅವಳ ಇಬ್ಬರು ಮಕ್ಕಳು ಸೇರಿದ್ದಾರೆ. ಅತ್ತೆಯ ಮನೆಯ ಗೋಡೆ ನಿಮ್ಮದರಂತೆಯೇ ಎರಡಡಿ ದಪ್ಪವಿತ್ತು, ಮಾಳಿಗೆಯ ಮೇಲೆ ವರ್ಷವರ್ಷವೂ ಮಳೆಗೆ ಮುಂಚೆ ಹಾಕಿದ ಮಣ್ಣು ಒಂದೂವರೆ ಅಡಿ ಏರಿತ್ತು. ದಪ್ಪ ಗೋಡೆಯೆಂದರೆ ಗಟ್ಟಿ ಗೋಡೆ ಎಂದು ಎಲ್ಲರೂ ನಂಬಿದ್ದರು.

ಅಪ್ಪ ಅಲ್ಲಿಂದ ಮರಳಿದ ದಿನವೇ ನಮ್ಮ ಮಾಳಿಗೆಗೆ ಸಲಿಕೆ ಹಾಕಿದರು. ಜೋಡೆತ್ತು ಮಾರಿ, ಬೀಗರ ಬಳಿ ಎಂಟು ಸಾವಿರ ಸಾಲ ಮಾಡಿ ಪತ್ರಾಸ್ ಹಾಕಿಸಿದರು. ಮುಂದಿನ ವರ್ಷ ಹೊಲ ಹೂಡಲು ಎತ್ತಿಲ್ಲದೆ ತೊಗರಿ ತಡವಾಯಿತು, ಅರ್ಧ ಫಸಲೂ ಬರಲಿಲ್ಲ, ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಊರವರು ಅಪ್ಪನನ್ನು ಪುಕ್ಕಲನೆಂದರು. ಕಿಲ್ಲಾರಿಯಲ್ಲಿಯೂ ಹಿಂದಿನ ವರ್ಷ, 1992ರ ಅಕ್ಟೋಬರ್‌ನಲ್ಲಿ, ಸಣ್ಣ ಕಂಪನಗಳು ಬಂದಿದ್ದವು ಎಂಬುದನ್ನು ಯಾರೂ ಮರೆಯಬಾರದು.

ಕಲಬುರಗಿಯ ಸೊಸೆ
ನಾವು 2022ರ ಬೇಸಿಗೆಯಲ್ಲಿ ಊರ ಮನೆಯನ್ನು ಪೂರ್ತಿ ಕೆಡವಿ ಪಿಲ್ಲರ್ ಮನೆ ಕಟ್ಟಿಸಿದೆವು. ಗುತ್ತಿಗೆದಾರರು ಹೇಳಿದ್ದು ಏಳು ಲಕ್ಷ ನಲವತ್ತು ಸಾವಿರ; ಕೊನೆಗೆ ಆದದ್ದು ಹದಿಮೂರು ಲಕ್ಷ ಅರವತ್ತು ಸಾವಿರ. ಕೆಡವಲು ಮತ್ತು ಕಲ್ಲು ಸಾಗಿಸಲು ತೊಂಬತ್ತು ಸಾವಿರ ಹೋಯಿತು. ಮಾವನವರು ಮಗುವಿನಂತೆ ಕಾಪಾಡಿದ್ದ ಸಾಗುವಾನಿ ತೊಲೆಗಳನ್ನು ಬಂದ ಬೆಲೆಗೆ ಕೊಟ್ಟೆವು. ನಡುವೆ ಗುತ್ತಿಗೆದಾರರು ಎರಡು ತಿಂಗಳು ಮುಖ ತೋರಿಸಲಿಲ್ಲ, ಕಬ್ಬಿಣ ಬಯಲಿನಲ್ಲೇ ತುಕ್ಕು ಹಿಡಿಯಿತು.

ಮೊದಲ ಮಳೆಗಾಲದಲ್ಲಿಯೇ ಹೊಸ ಗೋಡೆಯಲ್ಲಿ ಓರೆಯಾಗಿ ಬಿರುಕು ಬಂದಾಗ ಮತ್ತೆ ಭೂಮಿ ನಡುಗಿತೆಂದು ಮನೆಯವರೆಲ್ಲ ರಾತ್ರಿ ಹೊರಗೆ ಕುಳಿತೆವು. ಆಮೇಲೆ ಬಂದ ಇಂಜಿನಿಯರ್ ನೋಡಿ, ಇದು ಕಂಪನದ್ದಲ್ಲ, ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಆದದ್ದು, ಬುನಾದಿ ಇನ್ನೂ ಆಳಕ್ಕೆ ಇಳಿಯಬೇಕಿತ್ತು ಎಂದರು. ಆದರೂ ನನ್ನ ಮಕ್ಕಳ ತಲೆಯ ಮೇಲೆ ಇಂದು ಮಣ್ಣಿನ ಮಾಳಿಗೆಯಿಲ್ಲ. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಸೇಡಂ ಕಡೆಯವರು
ತಾಯಿ, ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಹದಿಮೂರು ಲಕ್ಷ ಸುರಿದು ಹೊಸ ಬಿರುಕು ತಂದುಕೊಂಡದ್ದನ್ನು ದಾರಿಯೆಂದು ಇನ್ನೊಬ್ಬರಿಗೆ ತೋರಿಸಬಾರದು. ನಾನು ಹಳೆಯ ಮನೆಯನ್ನೇ ಉಳಿಸಿಕೊಂಡೆ. ನಮ್ಮ ಗೋಡೆಗಳು ನೋಡಲು ಒಂದೇ ಆದರೂ ನಿಜದಲ್ಲಿ ಎರಡು ಗೋಡೆಗಳು: ಹೊರಗಿನ ಕಲ್ಲಿನ ಸಾಲು, ಒಳಗಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಅಡ್ಡಗಲ್ಲು ಇಲ್ಲದಿದ್ದರೆ ನಡುಗಿದಾಗ ಒಂದು ಸಾಲು ಹೊರಕ್ಕೂ ಇನ್ನೊಂದು ಒಳಕ್ಕೂ ಕುಸಿಯುತ್ತದೆ. ಕಿಲ್ಲಾರಿಯಲ್ಲಿ ಆದದ್ದು ಅದೇ.

ಮೊದಲು ಮಾಳಿಗೆಯ ಮಣ್ಣು ಇಳಿಸಿದೆವು, ಹದಿನಾಲ್ಕು ಟ್ರ್ಯಾಕ್ಟರ್ ಆಯಿತು. ಆಮೇಲೆ ಗೋಡೆಯಲ್ಲಿ ಸುಮಾರು ಮೂರು ಅಡಿಗೆ ಒಂದರಂತೆ ಆರಪಾರ ರಂಧ್ರ ಮಾಡಿ, ಕೊಕ್ಕೆಯಂತೆ ಬಾಗಿಸಿದ ಕಬ್ಬಿಣದ ಸಲಾಕೆ ಇಟ್ಟು ಕಾಂಕ್ರೀಟ್ ತುಂಬಿದೆವು. ಬಾಗಿಲಿನ ತಲೆಯ ಮಟ್ಟದಲ್ಲಿ ಮನೆಯ ಸುತ್ತಲೂ ಒಳಗೆ ಹೊರಗೆ ಜಾಲರಿ ಬಿಗಿದು ಸಿಮೆಂಟ್ ಪಟ್ಟಿ ಕಟ್ಟಿಸಿದೆವು. ಒಟ್ಟು ಎರಡು ಲಕ್ಷ ಮೂವತ್ತೈದು ಸಾವಿರ. ಊರಿನ ಗೌಂಡಿ ಇಂಥ ಕೆಲಸ ಕಂಡಿಲ್ಲವೆಂದು ಮೂರನೇ ದಿನ ಬಿಟ್ಟುಹೋದ; ರಂಧ್ರ ಕೊರೆಯುವಾಗ ಅಡುಗೆಮನೆಯ ಗೋಡೆ ಉಬ್ಬಿ ಆರು ಅಡಿ ಉದ್ದ ಉರುಳಿತು. ಒಳಗಿದ್ದ ನನ್ನ ತಮ್ಮ ಒಂದು ಹೆಜ್ಜೆಯ ಅಂತರದಲ್ಲಿ ಉಳಿದ. ಆ ಗೋಡೆಯನ್ನು ಬುಡದಿಂದ ಕಟ್ಟಿಸಲು ಮತ್ತೆ ನಲವತ್ತೆರಡು ಸಾವಿರ ಬೇಕಾಯಿತು.

ಕಲಬುರಗಿಯ ಸೊಸೆ
ಅಣ್ಣ, ನಿಮ್ಮ ತಮ್ಮನ ಮೇಲೆ ಗೋಡೆ ಬೀಳುವುದರಲ್ಲಿತ್ತು ಎಂದು ನೀವೇ ಬರೆದಿದ್ದೀರಿ. ನಮ್ಮಲ್ಲಿ ಬಿದ್ದದ್ದು ಹಣ ಮಾತ್ರ. ಪ್ರತಿ ಸದ್ದಿಗೂ ಎರಡು ಮಕ್ಕಳನ್ನು ಎತ್ತಿಕೊಂಡು ಓಡಿದವಳು ನಾನು. ಖರ್ಚಿನ ಲೆಕ್ಕ ತೋರಿಸಿ ನನ್ನ ನಿರ್ಧಾರವನ್ನು ತಪ್ಪೆನ್ನಬೇಡಿ.

ಮಡಿಕೇರಿ ತಾಲ್ಲೂಕು, ಚೆಂಬು
ನಮ್ಮಲ್ಲಿ 2022ರ ಜೂನ್ ಕೊನೆಯ ವಾರ ಮೇಲಿಂದ ಮೇಲೆ ಭೂಮಿ ನಡುಗಿತು. 28ರ ಬೆಳಿಗ್ಗೆಯದು 3.0 ತೀವ್ರತೆಯದಾಗಿದ್ದು, ಸುಳ್ಯದವರೆಗೂ ತಿಳಿಯಿತು. ಅಂಕಿ ಸಣ್ಣದು, ನಿಜ. ಆದರೆ 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡ ನಮಗೆ, ಸುರಿಯುವ ಮಳೆಯಲ್ಲಿ ಹಂಚು ಗಡಗಡ ಎಂದರೆ ಮೊದಲು ಕಣ್ಣು ಹೋಗುವುದು ಮನೆಯ ಹಿಂದಿನ ಬರೆಯ (ಕಡಿದಾದ ಮಣ್ಣಿನ ಗುಡ್ಡದ) ಕಡೆಗೆ. ಹೊರಗೆ ಓಡಿದರೆ ಬರೆ, ಒಳಗೆ ಉಳಿದರೆ ಗೋಡೆ.

ಮನೆಗೆ ವಿಮೆ ಇತ್ತು, ಭೂಕಂಪವೂ ಅದರಲ್ಲಿ ಸೇರಿತ್ತು. ಪರಿಶೀಲನೆಗೆ ಬಂದವರು ಬಿರುಕು ಹಳೆಯದೆಂದು ಬರೆದುಕೊಂಡು ಹೋದರು. ಹಳೆಯದಲ್ಲವೆಂದು ತೋರಿಸಲು ನನ್ನ ಬಳಿ ಕಂಪನಕ್ಕೆ ಮುಂಚಿನ ಒಂದು ಫೋಟೋವೂ ಇರಲಿಲ್ಲ. ಏಳು ಸಲ ಅಲೆದೆ, ಬಸ್ಸು ಮತ್ತು ಜೆರಾಕ್ಸ್ ಖರ್ಚೇ ಮೂರು ಸಾವಿರ ದಾಟಿತು, ಒಂದು ರೂಪಾಯಿಯೂ ಬರಲಿಲ್ಲ. ಈಗ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಸಿಮೆಂಟ್ ಮೆತ್ತಿ ಕೂರಿಸಿ, ದಿನಾಂಕ ಬರೆದು ಫೋಟೋ ತೆಗೆದಿಟ್ಟಿದ್ದೇನೆ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ.

ಚಿತ್ತಾಪುರದವರು
ಎಲ್ಲರೂ ಮನೆಯ ಮಾತಾಡುತ್ತಿದ್ದೀರಿ, ಸುಣ್ಣಕಲ್ಲಿನ ಗಣಿಗಳಲ್ಲಿ ಸಿಡಿಸುವ ಮದ್ದಿನ ಬಗ್ಗೆ ಒಬ್ಬರೂ ಬರೆದಿಲ್ಲ. ನಮ್ಮ ಮನೆಯ ಗವಾಕ್ಷಿಯ ಗಾಜು ಎರಡು ಬಾರಿ ಒಡೆದದ್ದು ಅದರಿಂದಲೇ. ನಿಲ್ಲಿಸಬೇಕಾದದ್ದನ್ನು ನಿಲ್ಲಿಸದೆ ಗೋಡೆಗೆ ಸಲಾಕೆ ಹೊಡೆದು ಏನು ಪ್ರಯೋಜನ?

ಸೇಡಂ ಕಡೆಯವರು
ಗಣಿಯ ಸಿಡಿತದಿಂದ ನಿಮ್ಮ ಗಾಜು ಒಡೆದಿರಬಹುದು, ಅದಕ್ಕಾಗಿ ನೀವು ಹೋರಾಡಿ, ನಾನೂ ಬರುತ್ತೇನೆ. ಆದರೆ ಗಡಿಕೇಶ್ವಾರದ ಕಂಪನಗಳು ಗಣಿಯಲ್ಲಿ ಮದ್ದು ಸಿಡಿಸದ ರಾತ್ರಿ ಹತ್ತಕ್ಕೂ ಬಂದಿವೆ. ಮುಂಗಾರಿನಲ್ಲಿ ವಿಪರೀತ ಮಳೆಯಾದ ಮೇಲೆ ನೀರು ಸುಣ್ಣಕಲ್ಲಿನ ಸೀಳುಗಳಿಗೆ ಇಳಿದು ಒತ್ತಡ ಬದಲಾಗುವುದರಿಂದ ಇಂಥ ಸದ್ದು, ನಡುಕ ಹುಟ್ಟುತ್ತವೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಆಳಂದದ ಹಿರಿಯರಿಗೂ ಒಂದು ಮಾತು: ಕಂಪನದ ಅಂಕಿ ಒಂದು ಏರಿದರೆ ಶಕ್ತಿ ಸುಮಾರು 32 ಪಟ್ಟಾಗುತ್ತದೆ. ಕಿಲ್ಲಾರಿಯದು 6.2. ನಮ್ಮ 4.1ಕ್ಕಿಂತ ಅದು ಸಾವಿರ ಪಟ್ಟಿಗೂ ಮಿಗಿಲು. ಸಣ್ಣ ಕಂಪನ ಬಂದಲ್ಲೆಲ್ಲ ದೊಡ್ಡದು ಬರುವುದಿಲ್ಲ. ಇಲ್ಲಿನ ಮುದುಕರು ಇದನ್ನೆಲ್ಲ ಓದಿಸಿ ಕೇಳುತ್ತಾರೆ, ಹೆದರಿಸಬೇಡಿ.

ಆಳಂದ ಕಡೆಯವರು
ನಾನು ಹೆದರಿಸುತ್ತಿಲ್ಲ. ದೊಡ್ಡದು ಬಂದೇ ಬರುತ್ತದೆಂದು ಹೇಳಿಲ್ಲ, ಬರುವುದಿಲ್ಲವೆಂದು ಹೇಳುವ ಅಧಿಕಾರ ನಿಮಗೂ ಇಲ್ಲ. ಪಟ್ಟುಗಳ ಲೆಕ್ಕ ನನಗೂ ಗೊತ್ತಿದೆ. ಕಲ್ಲು ಸರಿಸಿ ನನ್ನ ಅತ್ತೆಯ ಕೈಬಳೆ ಗುರುತಿಸಿದ್ದು ನಮ್ಮ ಅಪ್ಪ. ನೀವೇ ಹದಿನಾಲ್ಕು ಟ್ರ್ಯಾಕ್ಟರ್ ಮಣ್ಣು ಇಳಿಸಿದ್ದು ಯಾವ ಭಯಕ್ಕೆ?

ಸೇಡಂ ಕಡೆಯವರು
ಆ ಮಾತು ಒಪ್ಪುತ್ತೇನೆ. ನನ್ನ ಬರಹದ ಧಾಟಿ ಒರಟಾಯಿತು, ಕ್ಷಮಿಸಿ. ಗಣಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕೇಳಿದವರು
ಎಲ್ಲರ ಬರಹವನ್ನೂ ತಾಯಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಪಕ್ಕದ ಮನೆಯ ಹುಡುಗನನ್ನು ಮಾಳಿಗೆ ಹತ್ತಿಸಿ, ಬೆಳಕಿಂಡಿಯ ಅಂಚಿನಲ್ಲಿ ಮಣ್ಣನ್ನು ಅಳೆಯಿಸಿದ್ದಾರೆ. ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಇದೆ. ಸೇಡಂ ಕಡೆಯ ಅಣ್ಣ, ಮಣ್ಣು ಇಳಿಸುವಾಗ ಒಂದು ಮೂಲೆಯಿಂದ ಶುರುಮಾಡಿದಿರಾ ಅಥವಾ ಎಲ್ಲ ಕಡೆಯಿಂದ ಸಮವಾಗಿ ತೆಗೆಸಿದಿರಾ? ಬಿರುಕು ಬಿಟ್ಟ ಮೂಲೆಯ ಮೇಲೆ ಆಳು ಹತ್ತಬಹುದೇ?

ಸೇಡಂ ಕಡೆಯವರು
ಆ ಮೂಲೆಯ ಮೇಲೆ ಯಾರೂ ಹತ್ತಬಾರದು. ಮೊದಲು ಒಳಗಿನಿಂದ ತೊಲೆಗಳಿಗೆ ಬಲ್ಲಿ (ಆಸರೆಯ ಕಂಬ) ನಿಲ್ಲಿಸಿ, ನಡುವಿನಿಂದ ಆರಂಭಿಸಿ ಎಲ್ಲ ಕಡೆಗೂ ಸಮವಾಗಿ, ಪದರ ಪದರವಾಗಿ ತೆಗೆಸಿ. ಆ ಮೂಲೆಯ ಮಣ್ಣನ್ನು ಪಕ್ಕದಲ್ಲಿ ಏಣಿ ಹಾಕಿ ಉದ್ದ ಹಿಡಿಯ ಸಲಿಕೆಯಿಂದ ಎಳೆಯಿಸಿ. ಇಳಿಸಿದ ಮಣ್ಣನ್ನು ಗೋಡೆಗೆ ಒತ್ತಿ ರಾಶಿ ಹಾಕಿಸಬೇಡಿ, ಮಳೆ ಬಂದರೆ ನೀರು ಬುನಾದಿಗೆ ಇಳಿಯುತ್ತದೆ. ಕೆಲಸ ಮುಗಿಯುವವರೆಗೆ ನಿಮ್ಮ ತಾಯಿ ಹಗಲಿನಲ್ಲಿಯೂ ಶೆಡ್ಡಿನಲ್ಲಿಯೇ ಇರಲಿ.