ಅನ್ನ ಬೇಡ ಎಂದವನ ಪಾಡು

ದಾವಣಗೆರೆಯಲ್ಲಿ ಪ್ರತಿ ಭಾನುವಾರ ಸಂಜೆ ನಾವು ನಾಲ್ವರು ಸೇರುವ ಚಹದಂಗಡಿಯ ಮುಂದೆ ಒಂದು ಕಲ್ಲುಬೆಂಚಿದೆ. ಅಂಗಡಿಯವನಿಗೆ ನಮ್ಮ ಹೆಸರುಗಳು ಗೊತ್ತಿಲ್ಲ, ಕಸುಬು ಹಿಡಿದೇ ಕರೆಯುತ್ತಾನೆ. ಔಷಧ ಕಂಪನಿಯ ಪ್ರತಿನಿಧಿ ‘ಮಾತ್ರೆ’, ಬಾಡಿಗೆ ಕಾರು ಓಡಿಸುವ ಹಿರಿಯರು ‘ಟ್ಯಾಕ್ಸಿ ಅಣ್ಣ’, ಮದುವೆಗಳ ಫೋಟೊ ತೆಗೆಯುವವನು ‘ಕ್ಯಾಮೆರಾ’, ಪಂಪ್‌ಸೆಟ್ ಮಾರಲು ಊರೂರು ಅಲೆಯುವ ನಾನು ‘ಪಂಪು’. ನಾಲ್ವರಲ್ಲಿ ಮೂವರಿಗೆ ಸಕ್ಕರೆ ಕಾಯಿಲೆ. ಕ್ಯಾಮೆರಾ ಒಬ್ಬ ತಪ್ಪಿಸಿಕೊಂಡಿದ್ದಾನೆ. ಕಾಯಿಲೆಯಿಂದಲ್ಲ, ಪರೀಕ್ಷೆಯಿಂದ ಎಂಬುದು ಮಾತ್ರೆಯ ತಿದ್ದುಪಡಿ.

ಕಳೆದ ವಾರ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ನಾವು ಚರ್ಚಿಸಿದ್ದು ಊಟದಲ್ಲಿ ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಕಡಿಮೆ ಮಾಡುವುದು ಹೇಗೆ ಎಂದು. ಮಂಡಕ್ಕಿಯೂ ಅಕ್ಕಿಯೇ ಎಂಬ ಮಾತನ್ನು ಆ ಹೊತ್ತಿಗೆ ಯಾರೂ ಎತ್ತಲಿಲ್ಲ.

ಮಾತು ಶುರುವಾದದ್ದು ನನ್ನ ದೂರಿನಿಂದ. ಹರಿಹರ, ರಾಣೆಬೆನ್ನೂರು, ಹಾವೇರಿ ಎಂದು ವಾರದಲ್ಲಿ ಐದು ದಿನ ಬಸ್ಸಿನಲ್ಲಿ ತಿರುಗುವವನು ಮಧ್ಯಾಹ್ನ ಏನು ತಿನ್ನಬೇಕು? ಹಿಂದೊಂದು ಮಂಗಳವಾರ ಯಾವುದೋ ಊರಿನ ಹೋಟೆಲಿನಲ್ಲಿ ಕುಳಿತು, “ಊಟ ಕೊಡಿ, ಅನ್ನ ಬೇಡ” ಎಂದೆ. ಬಡಿಸುವ ಹುಡುಗ ಎಲೆಯನ್ನೂ ನನ್ನ ಮುಖವನ್ನೂ ನೋಡಿ, “ಹಾಗಾದರೆ ಊಟ ಬೇಡವೇ?” ಎಂದು ಕೇಳಿದ.

“ಊಟ ಬೇಕು, ಅನ್ನ ಬೇಡ.”

“ಚಪಾತಿ ಮೂರು ಹಾಕಲೇ?”

“ಬೇಡ. ಪಲ್ಯ ಎರಡು ಸಲ, ಕೋಸಂಬರಿ, ಮಜ್ಜಿಗೆ.”

ಹುಡುಗ ಹೋಗಿ ಗಲ್ಲೆಯ ಮೇಲಿದ್ದ ಮಾಲೀಕರ ಕಿವಿಯಲ್ಲಿ ಏನೋ ಹೇಳಿದ. ಅವರು ಎದ್ದು ಬಂದು ಮೆಲ್ಲಗೆ, “ದುಡ್ಡಿನ ಯೋಚನೆ ಮಾಡಬೇಡಿ ಸ್ವಾಮಿ, ಹೊಟ್ಟೆ ತುಂಬ ಉಣ್ಣಿ” ಎಂದರು. ಕಾಯಿಲೆಯ ವಿಷಯ ಹೇಳಿದ ಮೇಲೆ ಅವರ ಕರುಣೆ ಇಮ್ಮಡಿಯಾಯಿತು. ಎಲೆಯ ತುದಿಗೆ ಒಂದು ಹೋಳಿಗೆ ಬಂದು ಕುಳಿತಿತು. “ಬೆಲ್ಲದ್ದು, ಏನೂ ಆಗುವುದಿಲ್ಲ” ಎಂದು ಸಮಾಧಾನ ಹೇಳಿದರು. ಬಿಲ್ಲು ಮಾತ್ರ ಪೂರ್ತಿ ಊಟದ್ದೇ.

“ಬೆಲ್ಲವೂ ಬಹುಪಾಲು ಸಕ್ಕರೆಯೇ” ಎಂದು ಮಾತ್ರೆ ಗುಡುಗಿದ. ಹೆದ್ದಾರಿಯ ಅಂಗಡಿಗಳಲ್ಲಿ ಈಗ ಬೆಲ್ಲದ ಚಹ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದನ್ನು ಕಂಡರೆ ಅವನಿಗೆ ರಕ್ತದೊತ್ತಡವೂ ಏರುತ್ತದೆ. ಅದಕ್ಕೂ ಅವನ ಚೀಲದಲ್ಲಿ ಮಾತ್ರೆಯಿದೆ.

“ಅನ್ನ ಬೇಡವಾದರೆ ಮುದ್ದೆ ಉಣ್ಣು. ನಮ್ಮಪ್ಪ ಮುದ್ದೆ ಉಂಡೇ ತೊಂಬತ್ತು ದಾಟಿದರು” ಎಂದ ಕ್ಯಾಮೆರಾ.

“ನಿಮ್ಮಪ್ಪ ಉಂಡು ಹೊಲಕ್ಕೆ ಹೋಗುತ್ತಿದ್ದರು, ಪಂಪು ಉಂಡು ಬಸ್ಸಿನ ಕಿಟಕಿಗೆ ತಲೆ ಆನಿಸುತ್ತಾನೆ” ಎಂದ ಮಾತ್ರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ಅಷ್ಟೇ ರಾಗಿಯಲ್ಲಿ 70ರ ಆಸುಪಾಸು ಇರುತ್ತದಂತೆ. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ ಬಹಳ ಹೆಚ್ಚು, ಒಪ್ಪಬೇಕಾದದ್ದೇ. ಆದರೆ ಮುಷ್ಟಿಗಾತ್ರದ ಎರಡು ಮುದ್ದೆ ನುಂಗಿ, ಆಮೇಲೆ ‘ಸ್ವಲ್ಪವೇ’ ಎಂದು ಅನ್ನವನ್ನೂ ಕಲಸುವವನನ್ನು ಯಾವ ಧಾನ್ಯವೂ ಕಾಯಲಾರದು. ದಿನಕ್ಕೆ 130 ಗ್ರಾಂ ಪಿಷ್ಟದ ಒಳಗಿದ್ದರೆ ಅದನ್ನು ಕಡಿಮೆ ಪಿಷ್ಟದ ಊಟ ಎನ್ನುವುದು ವಾಡಿಕೆ. ಹೋಟೆಲಿನವರು ಎಲೆಯ ಮೇಲೆ ಸುರಿಯುವ ಅನ್ನ 400 ಗ್ರಾಂ ತೂಗಿದರೆ ಒಂದೇ ಹೊತ್ತಿಗೆ ನೂರು ಗ್ರಾಂ ದಾಟುತ್ತದೆ. ಎರಡನೆಯ ಸಲ ಬಡಿಸುವುದು ಲೆಕ್ಕದಲ್ಲಿಲ್ಲ. ಅದನ್ನು ಬೇಡ ಎನ್ನುವ ಧೈರ್ಯ ನಮ್ಮ ಕಡೆ ಯಾರಿಗಿದೆ?

ಹೋಟೆಲಾದರೂ ವಾಸಿ, ರೈತರ ಮನೆಗಳಲ್ಲಿ ಇನ್ನೂ ಕಷ್ಟ. ಕೊಳವೆಬಾವಿ ನೋಡಲು ಹೋದರೆ ಉಣ್ಣದೆ ಕಳಿಸುವುದಿಲ್ಲ. ಹಾವೇರಿಯ ಹತ್ತಿರ ಒಬ್ಬ ಯಜಮಾನರು, ನಾನು ಅನ್ನ ಬೇಡ ಎಂದ ಕೂಡಲೇ ಮುಖ ಗಂಟಿಕ್ಕಿ, “ನಮ್ಮ ಮನೆಯ ಅನ್ನ ಆಗುವುದಿಲ್ಲವೇನು?” ಎಂದರು. ಅನ್ನವನ್ನು ಒಲ್ಲೆ ಎಂದರೆ ಮನೆತನವನ್ನೇ ಒಲ್ಲೆ ಎಂದಂತೆ. ಹತ್ತು ಅಶ್ವಶಕ್ತಿಯ ಮೋಟಾರು ಕೈಬಿಟ್ಟು ಹೋಗುವುದು ಕಣ್ಣಿಗೆ ಕಂಡು, “ಸಕ್ಕರೆ ಕಾಯಿಲೆ, ಯಜಮಾನರೇ” ಎಂದೆ. ಅವರ ಮುಖ ಅರಳಿತು. “ನಿಮಗೂ ಇದೆಯೇ? ಎಷ್ಟಿದೆ?” ಎಂದು ಕೇಳಿ, ತಮ್ಮ ರಿಪೋರ್ಟುಗಳ ಕಟ್ಟನ್ನೇ ತರಿಸಿದರು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅವರದು 9, ನನ್ನದು 7.4. ಸೋತ ಸಂತೋಷಕ್ಕೋ ಏನೋ, ಮೋಟಾರು ಖರೀದಿಸಿದರು. ಅವರ ಮನೆಯವರು ಜೋಳದ ರೊಟ್ಟಿ ಒಂದೇ ಕೊಟ್ಟು, ಹೆಸರುಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಧಾರಾಳವಾಗಿ ಬಡಿಸಿದರು. ಅಂಥ ಊಟ ಯಾವ ಹೋಟೆಲಿನಲ್ಲೂ ಸಿಗಲಿಲ್ಲ.

ಆಮೇಲೆ ಅದನ್ನೇ ಡಬ್ಬಿಗೆ ಹಾಕಿಸಿಕೊಳ್ಳತೊಡಗಿದೆ. ಮೊದಲು ಸೌತೆಕಾಯಿ, ಪಲ್ಯ, ಕಾಳು. ರೊಟ್ಟಿ ಕೊನೆಗೆ. ಹೀಗೆ ತರಕಾರಿಯನ್ನೂ ಕಾಳನ್ನೂ ಮೊದಲು ತಿಂದರೆ ಊಟದ ನಂತರ ಸಕ್ಕರೆ ಅಷ್ಟು ಜಿಗಿಯುವುದಿಲ್ಲ ಎಂದು ಮಾತ್ರೆ ಹೇಳಿದ್ದ, ನನ್ನ ಗ್ಲುಕೋಮೀಟರೂ ಒಪ್ಪಿತು. ಒಪ್ಪದ್ದು ಎಣ್ಣೆಗಾಯಿ. ಬಸ್ಸು ಹಂಪ್ ಹಾರಿದಾಗಲೆಲ್ಲ ಡಬ್ಬಿಯ ಅಂಚಿನಿಂದ ಇಳಿದು ನನ್ನ ದರಪಟ್ಟಿಗಳಿಗೆ ಬಣ್ಣ ಬಳಿಯುತ್ತಿತ್ತು. ಮೂರು ಹಳ್ಳಿಗಳಲ್ಲಿ ಪಂಪಿನ ಬೆಲೆ ಓದುವ ಮೊದಲು ಜನ ಕಾಗದವನ್ನು ಮೂಸಿ ನೋಡಿದರು. ಈಗ ಡಬ್ಬಿ ಬೇರೆ ಚೀಲದಲ್ಲಿದೆ. ಅಂಗಿಯ ಜೇಬಿನಲ್ಲಿ ಹುರಿದ ಶೇಂಗಾ ಇರುತ್ತದೆ, ಡಬ್ಬಿ ಇಲ್ಲದ ದಿನ ಬಸ್‌ನಿಲ್ದಾಣದಲ್ಲಿ ಎರಡು ಬೇಯಿಸಿದ ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು, ಪಿಷ್ಟ ಹೆಸರಿಗಷ್ಟೇ. ದೇವರು ಅದಕ್ಕೆ ಮುಚ್ಚಳವನ್ನೂ ತಾನೇ ಹಾಕಿ ಕಳಿಸಿದ್ದಾನೆ, ಸೋರುವ ಭಯವಿಲ್ಲ.

“ನನಗೆ ಮೊಟ್ಟೆ ನಡೆಯುವುದಿಲ್ಲ” ಎಂದರು ಟ್ಯಾಕ್ಸಿ ಅಣ್ಣ, ಅಲ್ಲಿಯವರೆಗೆ ಮೆಣಸಿನಕಾಯಿಯ ತೊಟ್ಟು ಕೀಳುತ್ತ ಕುಳಿತಿದ್ದವರು. “ನಡೆಯುವುದನ್ನೆಲ್ಲ ಬಿಟ್ಟು ನೋಡಿದೆ, ಅದೂ ನಡೆಯಲಿಲ್ಲ.”

ಅವರ ಕತೆ ಬೇರೆ. ನಮ್ಮ ಮಾತು ಕೇಳಿ, ಬೆಳಗಾವಿಯಿಂದ ಬಾಡಿಗೆ ಮುಗಿಸಿ ಮರಳುವ ದಿನ ಬೆಳಿಗ್ಗೆ ಎಂದಿನಂತೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದಾರೆ. ಮಧ್ಯಾಹ್ನ ಊಟದ ಬದಲು ಎರಡು ಸೌತೆಕಾಯಿ, ಒಂದು ಲೋಟ ಮಜ್ಜಿಗೆ. ಶಿಗ್ಗಾವಿ ದಾಟುವಾಗ ಕೈ ನಡುಗಿ, ಮೈಯೆಲ್ಲ ಬೆವರು. ಹೇಗೋ ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿದರು. ಹಿಂದೆ ಕುಳಿತಿದ್ದ ಗಿರಾಕಿ ಗಾಬರಿಯಾಗಿ, ಅತ್ತೆಮನೆಗೆಂದು ಬೆಳಗಾವಿಯಲ್ಲಿ ಕೊಂಡಿದ್ದ ಒಂದು ಕಿಲೋ ಕುಂದಾ ಬಿಚ್ಚಿ ಇವರ ಬಾಯಿಗೆ ತುಂಬಿದ.

“ಎಷ್ಟು ತಿಂದಿರಿ ಅಣ್ಣ?”

“ಕೈ ನಡುಕ ನಿಲ್ಲುವವರೆಗೆ ಭಯದಿಂದ. ಆಮೇಲೆ ರುಚಿಗೆ.”

ನಾವು ನಕ್ಕೆವು, ಮಾತ್ರೆ ನಗಲಿಲ್ಲ. “ಕುಂದಾ ಆ ಕೆಲಸಕ್ಕೆ ಆಗುವುದಿಲ್ಲ, ಹಾಲಿನ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿಗೆ ಹಾಕಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟಕೂಡದು” ಎಂದ. ಪಂಪು ನುಂಗುವುದು ಬರಿಯ ಮೆಟ್‌ಫಾರ್ಮಿನ್, ಅದರಿಂದ ಸಕ್ಕರೆ ಹಾಗೆ ಕುಸಿಯುವುದು ಅಪರೂಪ. ಅಣ್ಣ ನುಂಗುವ ಮಾತ್ರೆಯಾಗಲಿ, ಇನ್ಸುಲಿನ್ ಆಗಲಿ ಹಾಗಲ್ಲ, ಹೊಟ್ಟೆಯಲ್ಲಿ ಊಟ ಇದೆಯೇ ಇಲ್ಲವೇ ಎಂದು ಕೇಳದೆ ಕೆಲಸ ಮಾಡುತ್ತದೆ. ಆದ್ದರಿಂದ ಪಿಷ್ಟ ಇಳಿಸುವ ಮೊದಲು ಡಾಕ್ಟರಿಗೆ ಹೇಳಿ ಔಷಧದ ಪ್ರಮಾಣ ಸರಿಮಾಡಿಸಿಕೊಳ್ಳಬೇಕು ಎಂದು ಅವನ ವಾದ. ಔಷಧ ಮಾರುವವನೇ ಔಷಧ ತಗ್ಗಿಸುವ ಮಾತಾಡಿದ್ದು ಕೇಳಿ ಅಂಗಡಿಯವನು ಚಹ ಸೋಸುವುದನ್ನು ನಿಲ್ಲಿಸಿದ.

ಈಗ ಅಣ್ಣನ ಕಾರಿನಲ್ಲಿ ಸಕ್ಕರೆಯ ಪೊಟ್ಟಣವೊಂದು ಗಣಪತಿಯ ಪಕ್ಕದಲ್ಲೇ ಇದೆ. ಡಬ್ಬಿಯಲ್ಲಿ ಹೆಸರುಕಾಳಿನ ಉಸಲಿ, ಪನೀರು, ಒಂದು ರೊಟ್ಟಿ.

“ನೀವೆಲ್ಲ ರೋಗಿಷ್ಟರು” ಎಂದು ಕ್ಯಾಮೆರಾ ಎದ್ದು ನಿಂತು, ಅಂದಿನ ಮದುವೆಯಿಂದ ಕಟ್ಟಿಸಿಕೊಂಡು ಬಂದಿದ್ದ ಚಿರೋಟಿಯನ್ನು ಪೊಟ್ಟಣದಿಂದ ತೆಗೆದ. ವರ್ಷಕ್ಕೆ ಅರವತ್ತು ಮದುವೆಯ ಊಟ ಮಾಡುತ್ತೇನೆ, ನನಗೇನಾಗಿದೆ ಎಂದು ಅವನ ಸವಾಲು. ಮಾತ್ರೆ ಚೀಲದಿಂದ ಗ್ಲುಕೋಮೀಟರ್ ತೆಗೆದ, ಹೊಸ ಸೂಜಿ ಹಾಕಿದ, ಚುಚ್ಚಿದ. ಐದು ಸೆಕೆಂಡು.

286.

ಬೆಂಚಿನ ಮೇಲೆ ಸದ್ದಡಗಿತು. ಕ್ಯಾಮೆರಾ ಮೆಲ್ಲಗೆ ಕುಳಿತ. ಚಿರೋಟಿಯನ್ನು ಪೊಟ್ಟಣದೊಳಗೆ ಹಿಂದಕ್ಕೆ ಇಟ್ಟ. “ಮೊಟ್ಟೆ ಎಷ್ಟು ನಿಮಿಷ ಬೇಯಿಸಬೇಕು?” ಎಂದು ಕೇಳಿದ. ಟ್ಯಾಕ್ಸಿ ಅಣ್ಣ ಅವನ ಬೆನ್ನು ಸವರಿ, ನಮ್ಮ ಪಂಕ್ತಿಗೆ ಬಂದೆಯಲ್ಲ, ಬಾ ಎಂದರು. ಆಗ ಮಾತ್ರೆಯ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಚಿರೋಟಿಯ ಸಕ್ಕರೆಪುಡಿ ಬೆಳ್ಳಗೆ ಮೆತ್ತಿಕೊಂಡಿತ್ತು.

“ಕೈ ತೊಳೆದೆಯಾ?”

“ಎಲ್ಲಿ ತೊಳೆದೆ?”

ತೊಳೆಸಿ, ಒರೆಸಿ, ಬೇರೆ ಬೆರಳಿಗೆ ಚುಚ್ಚಿದರೆ 132. ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯ ಪರೀಕ್ಷೆ ಮಾಡಿಸಿಕೋ ಎಂದು ಮಾತ್ರೆ ಹೇಳುತ್ತಿದ್ದುದು ಅವನಿಗೆ ಕೇಳಿಸಲಿಲ್ಲ, ಪೊಟ್ಟಣ ಮತ್ತೆ ಬಿಚ್ಚಿ ಆಗಿತ್ತು. ಕೈ ಚೆನ್ನಾಗಿ ತೊಳೆದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಈಗ ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ.